ವಿಂಡೋಸ್ ಬದಲಿಸುವ ಮುನ್ನ ಆಂಟಿವೈರಸ್ ವಿಚಾರ



ಬೋರ್ಡೋ ದ್ರಾವಣ ತಯಾರಿಸುವಾಗ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕೇ ಹೊರತು ಸುಣ್ಣದ ನೀರನ್ನು ಮೈಲುತುತ್ತಕ್ಕೆ ಸುರಿಯಬಾರದು. ಸಾಮಾನು ಅದೇ, ಅಳತೆ ಅದೇ. ಕ್ರಮ ತಪ್ಪಿದರೆ ದ್ರಾವಣ ಕೆಡುತ್ತದೆ. ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕುವುದೂ ಇಂಥದೇ ಕೆಲಸ. ಇದನ್ನು ನಾವು ನಷ್ಟಪಟ್ಟು ಕಲಿತೆವು.

ಅಡಿಕೆ ಕೊಯ್ಲಿನ ಗಡಿಬಿಡಿಯ ದಿನಗಳಲ್ಲಿ ಸಂಘದ ಕಛೇರಿಯ ಕಂಪ್ಯೂಟರಿಗೆ ವಿಂಡೋಸ್ 11 ಹಾಕಲು ಹೊರಟೆವು. ಹಣ ಕೊಟ್ಟು ಹಾಕಿಸಿದ್ದ ಹಳೆಯ ಆಂಟಿವೈರಸ್ ಅನ್ನು ತೆಗೆಯಲಿಲ್ಲ. ಕೆಲಸ ಅರ್ಧಕ್ಕೆ ನಿಂತಿತು. ಯಂತ್ರ ತಾನಾಗಿ ಆರಿ ಮತ್ತೆ ಹೊತ್ತಿಕೊಳ್ಳುವುದೇ ಆಯಿತು. ಎರಡು ದಿನ ಬಟವಾಡೆ ಇಲ್ಲ. ದೂರದಿಂದ ಬಂದ ಸದಸ್ಯರು ಬರಿಗೈಯಲ್ಲಿ ಮರಳಿದರು. ಹಿಂದಿನ ಸಂಜೆ ಲೆಕ್ಕದ ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ತೆಗೆದಿಟ್ಟಿದ್ದರಿಂದ ಖಾತೆಗಳು ಉಳಿದವು. ತಪ್ಪು ನಮ್ಮದೇ.

ಹೀಗೇಕೆ ಆಗುತ್ತದೆ? ಆಂಟಿವೈರಸ್ ಇತರ ಪ್ರೋಗ್ರಾಮುಗಳಂತೆ ಮೇಲೆ ಮೇಲೆ ಕೂತಿರುವುದಿಲ್ಲ. ಪ್ರತಿಯೊಂದು ಕಡತ ತೆರೆಯುವಾಗಲೂ ತಪಾಸಣೆ ಮಾಡಬೇಕಾದ್ದರಿಂದ ಅದು ವಿಂಡೋಸಿನ ಬೇರಿಗೇ ಇಳಿದಿರುತ್ತದೆ. ಬೇರನ್ನೇ ಬದಲಿಸುವಾಗ ಹಳೆಯ ಕಾವಲುಗಾರ ಅಡ್ಡ ನಿಲ್ಲುವ ಸಂಭವವುಂಟು. 2018ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಒಂದು ಮುಖ್ಯ ಭದ್ರತಾ ತಿದ್ದುಪಡಿಯನ್ನು ಕೆಲವು ಕಂಪ್ಯೂಟರುಗಳಿಗೆ ತಡೆಹಿಡಿಯಿತು. ಕಾರಣ, ಅದಕ್ಕೆ ಹೊಂದದ ಆಂಟಿವೈರಸ್ ಇದ್ದ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತುಬಿಡುತ್ತಿದ್ದವು.

ಹಾಗೆಂದು ಹಳೆಯದರಲ್ಲೇ ಇರೋಣವೆನ್ನುವಂತಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 14 ಅಕ್ಟೋಬರ್ 2025ಕ್ಕೆ ಮುಗಿದಿದೆ. ಬ್ಯಾಂಕು, ಪಹಣಿ, ಜಿಎಸ್‌ಟಿ ಎಲ್ಲವನ್ನೂ ಅದೇ ಯಂತ್ರದಲ್ಲಿ ನೋಡುವ ಬೆಳೆಗಾರರು ಇದನ್ನು ಗಮನಿಸಬೇಕು.

ಅನುಸರಿಸಬೇಕಾದ ಕ್ರಮ ಹೀಗಿದೆ:

1. ಮೊದಲು ಯಂತ್ರದ ಯೋಗ್ಯತೆ ನೋಡಿರಿ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸ್ಥಳ ಮತ್ತು ಟಿಪಿಎಂ 2.0 ಎಂಬ ಭದ್ರತಾ ಭಾಗ ಬೇಕು.

2. ಲೆಕ್ಕಪತ್ರ, ಫೋಟೋಗಳ ಪ್ರತಿಯನ್ನು ಹೊರಗಿನ ಡಿಸ್ಕಿಗೆ ತೆಗೆದು, ಡಿಸ್ಕನ್ನು ಕಳಚಿಡಿರಿ.

3. ಆಂಟಿವೈರಸ್ಸಿನ ಲೈಸೆನ್ಸ್ ಸಂಖ್ಯೆ ಹಾಗೂ ಖಾತೆಯ ವಿವರವನ್ನು ಕಾಗದದಲ್ಲಿ ಬರೆದಿಡಿರಿ. ಅದು ಹೊಸ ವಿಂಡೋಸಿಗೆ ಹೊಂದುವುದೇ ಎಂದು ಅದರ ಕಂಪನಿಯ ಜಾಲತಾಣದಲ್ಲಿ ನೋಡಿರಿ.

4. ಬಳಿಕ ಅದನ್ನು ಸೆಟ್ಟಿಂಗ್ಸ್‌ನ ಆ್ಯಪ್ಸ್ ವಿಭಾಗದಿಂದ ಪೂರ್ತಿ ತೆಗೆಯಿರಿ. ತಾತ್ಕಾಲಿಕವಾಗಿ ನಿಲ್ಲಿಸಿದರೆ ಸಾಲದು, ಬೇರು ಉಳಿದಿರುತ್ತದೆ. ಪೂರ್ತಿ ಹೋಗದಿದ್ದರೆ ಹಲವು ಕಂಪನಿಗಳು ತಮ್ಮದೇ ತೆಗೆಯುವ ಸಾಧನ ಕೊಡುತ್ತವೆ. ಅದನ್ನು ಆ ಕಂಪನಿಯಿಂದಲೇ ಪಡೆಯಿರಿ. ಯಂತ್ರವನ್ನು ಒಮ್ಮೆ ಆರಿಸಿ ಹೊತ್ತಿಸಿರಿ.

5. ಈಗ ವಿಂಡೋಸ್ ಬದಲಿಸಿರಿ. ಮಧ್ಯೆ ಕರೆಂಟು ಹೋಗದಂತೆ ಯುಪಿಎಸ್ ಇರಲಿ. ಮಲೆನಾಡಿನ ಮಳೆಗಾಲದ ವಿಚಾರ ಹೇಳಬೇಕಾಗಿಲ್ಲ.

ಆಂಟಿವೈರಸ್ ತೆಗೆದರೆ ಯಂತ್ರಕ್ಕೆ ಬೇಲಿಯೇ ಇಲ್ಲದಂತಾಯಿತೆಂದು ಹೆದರಬೇಡಿ. ಬೇರೆ ಆಂಟಿವೈರಸ್ ಇಲ್ಲವೆಂದು ಕಂಡೊಡನೆ ವಿಂಡೋಸಿನೊಳಗೇ ಇರುವ ಡಿಫೆಂಡರ್ ಸಾಮಾನ್ಯವಾಗಿ ತಾನಾಗಿ ಕೆಲಸಕ್ಕೆ ನಿಲ್ಲುತ್ತದೆ. ಆದರೂ ಬದಲಾವಣೆ ಮುಗಿದ ಮೇಲೆ ವಿಂಡೋಸ್ ಸೆಕ್ಯುರಿಟಿ ತೆರೆದು, ರಕ್ಷಣೆ ಚಾಲೂ ಇರುವುದನ್ನು ಕಣ್ಣಾರೆ ನೋಡಿರಿ. ವಿಂಡೋಸ್ ಅಪ್‌ಡೇಟನ್ನೂ ಒಮ್ಮೆ ನಡೆಸಿರಿ.

ಆಮೇಲೆ ಲೈಸೆನ್ಸಿನ ಅವಧಿ ಉಳಿದಿದ್ದರೆ ಹಳೆಯ ಆಂಟಿವೈರಸ್ಸಿನ ಹೊಸ ಆವೃತ್ತಿಯನ್ನು ಹಾಕಿಕೊಳ್ಳಬಹುದು. ಮನೆಯ ಸಾಮಾನ್ಯ ಬಳಕೆಗೆ ಡಿಫೆಂಡರ್ ಸಾಕೆಂಬುದು ನಮ್ಮ ಅಭಿಪ್ರಾಯ. ಆದರೆ ಹಣ ಕೊಟ್ಟ ಆಂಟಿವೈರಸ್ ಎರಡನ್ನು ಒಟ್ಟಿಗೆ ಹಾಕಬೇಡಿ. ಒಂದು ಇನ್ನೊಂದನ್ನೇ ಕಳ್ಳನೆಂದು ತಿಳಿದು ತಡೆಯಬಹುದು, ಯಂತ್ರವೂ ನಿಧಾನವಾಗುತ್ತದೆ.

ಹೊಸದು ಒಗ್ಗದಿದ್ದರೆ ಸಾಮಾನ್ಯವಾಗಿ 10 ದಿನಗಳೊಳಗೆ ಹಿಂದಿನ ವಿಂಡೋಸಿಗೆ ಮರಳಲು ಅವಕಾಶವಿದೆ. ಅಲ್ಲಿಯವರೆಗೆ ಹಳೆಯ ವಿಂಡೋಸಿನ ಕಡತಗಳನ್ನು ಅಳಿಸಬೇಡಿ.

ಕೊನೆಯದಾಗಿ, ಈ ಕೆಲಸವನ್ನು ಕೊಯ್ಲು ಮತ್ತು ಬಟವಾಡೆಯ ದಿನಗಳಲ್ಲಿ ಇಟ್ಟುಕೊಳ್ಳಬೇಡಿ. ಕೊಳೆರೋಗಕ್ಕೆ ಮಳೆ ಹಿಡಿಯುವ ಮುನ್ನವೇ ಔಷಧಿ ಹೊಡೆಯುವವರು ನಾವು. ಇದಕ್ಕೂ ಬಿಡುವಿನ ದಿನವನ್ನೇ ಆರಿಸಿಕೊಳ್ಳೋಣ. ಸಂದೇಹವಿದ್ದವರು ಕಛೇರಿಯ ವೇಳೆಯಲ್ಲಿ ಬಂದು ವಿಚಾರಿಸಬಹುದು.

– ಕಾರ್ಯದರ್ಶಿ