ಬಾವುಟಗುಡ್ಡೆಯ ಚಾಪೆಲ್, ಸಾನ್ ಮಾರ್ಕೊದ ಮಠ

ಕಾನ್ವೆಂಟ್ ಎಂಬ ಪದ ಕನ್ನಡದ ಕಿವಿಗೆ ಮೊದಲು ಶಾಲೆಯಾಗಿಯೇ ಕೇಳಿಸುತ್ತದೆ; ಹೈದರಾಬಾದಿನ ಮಿಯಾಪುರದಲ್ಲಾಗಲಿ ಮಂಡ್ಯದಲ್ಲಾಗಲಿ, ಮಗುವನ್ನು ಕಾನ್ವೆಂಟಿಗೆ ಹಾಕಿದ್ದಾರೆಂದರೆ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಿದ್ದಾರೆಂದು ಅರ್ಥವೇ ಹೊರತು, ಆ ಶಾಲೆಯ ಹಿಂದೆ ಕ್ರೈಸ್ತ ಸನ್ಯಾಸಿನಿಯರ ಮನೆಯೊಂದು ಇರಲೇಬೇಕೆಂದು ಈಗ ಯಾರೂ ಎಣಿಸುವುದಿಲ್ಲ. ಯುರೋಪಿನ ಇತಿಹಾಸದಲ್ಲಿ ಈ ಪದಕ್ಕೆ ಹತ್ತಿರವಾದುದು ನಮ್ಮ ಮಠ. ಒಂದೇ ಸಂಘಕ್ಕೆ ಸೇರಿದ, ಒಂದೇ ನಿಯಮಕ್ಕೆ ಒಳಪಟ್ಟ ಸನ್ಯಾಸಿಗಳು, ಗಂಡಸರಾಗಲಿ ಹೆಂಗಸರಾಗಲಿ, ಒಟ್ಟಿಗೆ ವಾಸಿಸಿ, ಉಂಡು, ಪ್ರಾರ್ಥಿಸುವ ಮನೆಗೆ ಆ ಹೆಸರು ಸಲ್ಲುತ್ತಿತ್ತು. ಅಂಥ ಮಠಗಳಲ್ಲಿ ಕೆಲವು ಇಂದು ವಸ್ತುಸಂಗ್ರಹಾಲಯಗಳಾಗಿದ್ದು, ಅವುಗಳಲ್ಲಿ ಪ್ರಸಿದ್ಧವಾದುದೊಂದು ಇಟಲಿಯ ಫ್ಲಾರೆನ್ಸ್ ನಗರದ ಸಾನ್ ಮಾರ್ಕೊ.

1436ರಲ್ಲಿ ನಾಲ್ಕನೆಯ ಯೂಜೀನ್ ಎಂಬ ಪೋಪ್ ಈ ಮಠವನ್ನು ಡೊಮಿನಿಕನ್ ಸಂಘಕ್ಕೆ, ಅಂದರೆ ಹದಿಮೂರನೆಯ ಶತಮಾನದಲ್ಲಿ ಸಂತ ಡೊಮಿನಿಕ್ ಸ್ಥಾಪಿಸಿದ, ಭಿಕ್ಷೆ ಮತ್ತು ಬೋಧನೆಗಳನ್ನು ವ್ರತವಾಗಿಟ್ಟುಕೊಂಡ ಪಂಥಕ್ಕೆ ವಹಿಸಿಕೊಟ್ಟನು. ಊರಿನ ಅತಿ ಶ್ರೀಮಂತ ಸಾಹುಕಾರನಾಗಿದ್ದ ಕೊಸಿಮೊ ದೆ ಮೆದಿಚಿ ಹಣ ಕೊಟ್ಟನು; ಮಿಕೆಲೊಟ್ಸೊ ಎಂಬ ವಾಸ್ತುಶಿಲ್ಪಿ ಹಳೆಯ ಕಟ್ಟಡವನ್ನು ಹೊಸದಾಗಿ ಕಟ್ಟಿದನು; ಮಠದ ಸನ್ಯಾಸಿಯೇ ಆಗಿದ್ದ, ಇಂದು ಫ್ರಾ ಆಂಜೆಲಿಕೊ ಎಂದು ಹೆಸರಾಗಿರುವ ಚಿತ್ರಕಾರನು ತನ್ನ ಸಹಾಯಕರೊಡನೆ ಅದರ ಗೋಡೆಗಳಿಗೆ ಚಿತ್ರ ಬರೆದನು. ಇಟಾಲಿಯನ್ ಭಾಷೆಯಲ್ಲಿ 'ಫ್ರಾ' ಎಂದರೆ ಸಹೋದರ; ಸನ್ಯಾಸಿಗಳು ಪರಸ್ಪರ ಕರೆದುಕೊಳ್ಳುವ ರೀತಿ ಅದು. 1455ರಲ್ಲಿ ರೋಮಿನಲ್ಲಿ ತೀರಿಕೊಂಡ ಈತನನ್ನು 1982ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಪುಣ್ಯವಂತರ ಪಂಕ್ತಿಗೆ ಸೇರಿಸಿದರು.

ಸಾನ್ ಮಾರ್ಕೊದ ಮಹಡಿಯಲ್ಲಿ ಸನ್ಯಾಸಿಗಳ ಕೋಣೆಗಳಿವೆ. ಒಬ್ಬನು ಮಲಗಿ, ಕುಳಿತು, ಓದಲು ಸಾಕಾಗುವಷ್ಟೇ ಜಾಗವಿರುವ ಈ ಕಿರುಕೋಣೆಗಳಲ್ಲಿ ಒಂದೊಂದಕ್ಕೂ ಒಂದು ಕಿಟಕಿ, ಒಂದು ಚಿತ್ರ. ಕಿಟಕಿಯಿರುವ ಗೋಡೆಯಲ್ಲಿಯೇ ಚಿತ್ರವೂ ಇರುವುದರಿಂದ, ಬಾಗಿಲಲ್ಲಿ ನಿಂತವನಿಗೆ ಮೊದಲು ಕಾಣುವುದು ಹೊರಗಿನ ಬೆಳಕು. ಕಣ್ಣು ಆ ಬೆಳಕಿಗೆ ಹೊಂದಿಕೊಂಡ ಮೇಲೆಯೇ ಪಕ್ಕದ ಮಸುಕು ಬಣ್ಣಗಳು ಮೆಲ್ಲಗೆ ಮೂಡುತ್ತವೆ. ಹತ್ತು ಜನರ ಗುಂಪು ಒಂದೇ ಸಲಕ್ಕೆ ಬಾಗಿಲಿಗೆ ಮುತ್ತಿಕೊಂಡರೆ ಹಿಂದಿನವರಿಗೆ ಮುಂದಿನವರ ತಲೆಗಳಲ್ಲದೆ ಬೇರೇನೂ ಕಾಣದು. ಇಬ್ಬರು ಮೂವರನ್ನೇ ಜೊತೆಗೆ ಕರೆದೊಯ್ಯುವ ಖಾಸಗಿ ಮಾರ್ಗದರ್ಶನಕ್ಕೆ ಇಂಥ ಕಡೆ ಬೆಲೆ ಬಂದಿರುವುದು ಈ ಕಾರಣದಿಂದ. ಅದು ಬರಿಯ ಸಿರಿವಂತರ ಸೌಕರ್ಯವೆಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಒಬ್ಬನು ಒಂಟಿಯಾಗಿ ನೋಡಲೆಂದು ಬರೆದ ಚಿತ್ರವನ್ನು ಜಾತ್ರೆಯ ನೂಕುನುಗ್ಗಲಿನಲ್ಲಿ ನೋಡಿದರೆ ನೋಡಿದಂತಾಗುವುದಿಲ್ಲ.

ಬಲ್ಲ ಮಾರ್ಗದರ್ಶಕನು ತೋರಿಸುವುದು ಚಿತ್ರಗಳಿಗಿಂತ ಹೆಚ್ಚಾಗಿ ನಡೆಯುವ ದಾರಿಯನ್ನು. ಮೆಟ್ಟಿಲು ಹತ್ತಿ ತಲೆಯೆತ್ತಿದೊಡನೆ ಎದುರಾಗುವುದು ಮಂಗಳವಾರ್ತೆಯ ಚಿತ್ರ, ಅಂದರೆ ಯೇಸುವಿನ ಜನನದ ಸುದ್ದಿಯನ್ನು ದೇವದೂತನು ಮರಿಯಳಿಗೆ ತಿಳಿಸುವ ದೃಶ್ಯ. ಅದರ ಮುಂದೆ ಹಾಯುವವರು ಪ್ರಾರ್ಥನೆ ಹೇಳಲು ಮರೆಯಬಾರದೆಂಬ ಸೂಚನೆ ಚಿತ್ರದಡಿಯಲ್ಲಿಯೇ ಇದೆ. ಹೊಸದಾಗಿ ದೀಕ್ಷೆ ಪಡೆಯಲು ಬಂದ ಎಳೆಯರ ಕೋಣೆಗಳಲ್ಲಿ ಶಿಲುಬೆಯ ಬುಡದಲ್ಲಿರುವ ಸಂತ ಡೊಮಿನಿಕನ ಚಿತ್ರವೇ, ಭಂಗಿಯಲ್ಲಿ ಸ್ವಲ್ಪ ಸ್ವಲ್ಪ ಬದಲಾಗಿ, ಮತ್ತೆ ಮತ್ತೆ ಬರುತ್ತದೆ: ಅದು ಕಲಿಯುವವರಿಗೆ ಇಟ್ಟ ಪಾಠ. ಹಣ ಕೊಟ್ಟ ಕೊಸಿಮೊ ಏಕಾಂತಕ್ಕೆಂದು ಬಂದು ಇರುತ್ತಿದ್ದುದು ಮಾತ್ರ ಎರಡು ಕೋಣೆಗಳನ್ನು ಕೂಡಿಸಿದ ಬಿಡಾರದಲ್ಲಿ. ವೈರಾಗ್ಯದಲ್ಲಿಯೂ ಸಾಹುಕಾರನಿಗೆ ಒಂದು ಕೋಣೆ ಹೆಚ್ಚು. ಅದೇ ಮಹಡಿಯಲ್ಲಿ ಸವೊನರೋಲನ ಕೋಣೆಗಳೂ ಇವೆ. 1491ರಲ್ಲಿ ಈ ಮಠದ ಮುಖ್ಯಸ್ಥನಾಗಿ, ಮೆದಿಚಿಗಳ ವೈಭೋಗವನ್ನು ಖಂಡಿಸಿ, ಊರನ್ನೇ ತನ್ನ ಮಾತಿನ ಬಲದಿಂದ ಆಳಿದ ಆತನನ್ನು 1498ರ ಮೇ 23ರಂದು ಅದೇ ಊರಿನ ಚೌಕದಲ್ಲಿ ನೇಣಿಗೇರಿಸಿ ಸುಡಲಾಯಿತು.

ಈ ಚಿತ್ರಗಳನ್ನು ಫ್ರೆಸ್ಕೊ ಎನ್ನುತ್ತಾರೆ. ಆ ಪದಕ್ಕೆ ಹಸಿ ಅಥವಾ ತಾಜಾ ಎಂದರ್ಥ. ಸುಣ್ಣಕಲ್ಲನ್ನು ಸುಟ್ಟು, ನೀರು ಹಾಕಿ ಅರಳಿಸಿ, ಮರಳಿನೊಡನೆ ಕಲಸಿದ ಗಾರೆಯನ್ನು ಗೋಡೆಗೆ ಬಳಿದು, ಅದು ಹಸಿಯಿರುವಾಗಲೇ ನೀರಿನಲ್ಲಿ ಕದಡಿದ ಬಣ್ಣವನ್ನು ಹಚ್ಚಿದರೆ, ಸುಣ್ಣವು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುವಾಗ ಬಣ್ಣದ ಕಣಗಳೂ ಆ ಕಲ್ಲಿನೊಳಗೆ ಸೆರೆಯಾಗುತ್ತವೆ. ಆದ್ದರಿಂದ ಚಿತ್ರಕಾರನು ಒಂದು ದಿನದಲ್ಲಿ ಮುಗಿಸಬಲ್ಲಷ್ಟು ಭಾಗಕ್ಕೆ ಮಾತ್ರ ಗಾರೆ ಬಳಿಸಿಕೊಳ್ಳಬೇಕು. ಮರುದಿನದ ಗಾರೆ ಅದಕ್ಕೆ ಅಂಟಿಕೊಂಡ ಅಂಚನ್ನು ಹುಡುಕಿದರೆ ಒಂದು ಮುಖಕ್ಕೆ ಒಂದು ದಿನ ಹಿಡಿಯಿತೆಂದೋ ಒಂದು ಆಕಾಶ ಒಂದೇ ದಿನದಲ್ಲಿ ಮುಗಿಯಿತೆಂದೋ ಎಣಿಸಬಹುದು. ತಪ್ಪಿದರೆ ಅಳಿಸುವಂತಿಲ್ಲ, ಕೆತ್ತಿ ತೆಗೆದು ಹೊಸ ಗಾರೆ ಬಳಿಯಬೇಕು. ಕೆಲವು ನೀಲಿ ಬಣ್ಣಗಳು ಸುಣ್ಣಕ್ಕೆ ಒಗ್ಗವು. ಅವನ್ನು ಗಾರೆ ಒಣಗಿದ ಮೇಲೆ ಅಂಟಿನೊಡನೆ ಹಚ್ಚುವುದರಿಂದ ಮೊದಲು ಉದುರುವುದೂ ಅವೇ. ಸಾನ್ ಮಾರ್ಕೊದ ಸಭಾಕೋಣೆಯ ದೊಡ್ಡ ಶಿಲುಬೆ ಚಿತ್ರದಲ್ಲಿ ಆಕಾಶದ ನೀಲಿ ಕಳಚಿಹೋಗಿ ಅಡಿಯ ಲೇಪ ಕಾಣುತ್ತಿರುವುದು ಹೀಗೆ.

ಫ್ಲಾರೆನ್ಸಿನವರೆಗೆ ಹೋಗಲಾಗದ, ಹೈದರಾಬಾದಿನ ಮಿಯಾಪುರದಲ್ಲಿ ನೆಲೆಸಿದ ಕನ್ನಡ ಕುಟುಂಬಕ್ಕೆ ಇಟಲಿಯ ಕಲೆ ಅತಿ ಹತ್ತಿರದಲ್ಲಿ ಸಿಗುವುದು ಮೂಸಿ ನದಿಯ ದಂಡೆಯ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ. ಮಿಯಾಪುರದಿಂದ ಹೊರಡುವ ಮೆಟ್ರೊದ ಕೆಂಪು ಮಾರ್ಗದಲ್ಲಿ ಮಹಾತ್ಮ ಗಾಂಧಿ ಬಸ್ ನಿಲ್ದಾಣದಲ್ಲಿ ಇಳಿದರೆ ಅದು ದೂರವೇನಲ್ಲ. ಅಲ್ಲಿಯ ಮುಸುಕಿನ ರೆಬೆಕ್ಕ, ಅಮೃತಶಿಲೆಯಲ್ಲಿ ತೆಳುಬಟ್ಟೆಯ ಭ್ರಮೆಯನ್ನು ಕಡೆದ ಪ್ರತಿಮೆ, ಜೊವಾನ್ನಿ ಮರಿಯಾ ಬೆನ್ಸೋನಿ ಎಂಬ ಶಿಲ್ಪಿಯ ಕೆಲಸ. ಹೈದರಾಬಾದಿನ ದಿವಾನರಾಗಿದ್ದ ಒಂದನೆಯ ಸಾಲಾರ್ ಜಂಗ್ 1876ರಲ್ಲಿ ರೋಮಿನಲ್ಲಿ ಅದನ್ನು ಕೊಂಡು ತಂದರು. ಕೊಂಡು, ಹಡಗಿಗೇರಿಸಿ, ಎಲ್ಲಿಯಾದರೂ ನಿಲ್ಲಿಸಬಹುದಾದ ಕಲೆ ಅದು. ಗೋಡೆಯ ಚಿತ್ರಕ್ಕೆ ಆ ಭಾಗ್ಯವಿಲ್ಲ, ಅದನ್ನು ನೋಡಬೇಕಾದರೆ ಗೋಡೆಯಿದ್ದಲ್ಲಿಗೇ ಹೋಗಬೇಕು. ಬೆನ್ಸೋನಿ ಹುಟ್ಟಿದ್ದು ಉತ್ತರ ಇಟಲಿಯ ಬೆರ್ಗಾಮೊ ಸೀಮೆಯಲ್ಲಿ. ಅದೇ ಸೀಮೆಯ ಸ್ಟೆಟ್ಸಾನೊ ಎಂಬ ಊರಿನಲ್ಲಿ 1854ರಲ್ಲಿ ಹುಟ್ಟಿದ ಇನ್ನೊಬ್ಬನು ತಾನೇ ಹಡಗೇರಿ ಬಂದು ಕನ್ನಡ ನಾಡಿನ ಗೋಡೆಗಳಿಗೆ ಚಿತ್ರ ಬರೆದನು. ಆತನ ಹೆಸರು ಅಂತೋನಿಯೊ ಮೊಸ್ಕೇನಿ.

ಮಂಗಳೂರಿನ ಕ್ರೈಸ್ತ ಸಮಾಜದ ಹೊಣೆ ವೆನಿಸ್ ಪ್ರಾಂತದ ಯೇಸುಸಭೆಯ ಪಾದ್ರಿಗಳಿಗೆ ಬಂದು, ಅವರು 1878ರ ಡಿಸೆಂಬರ್ 31ರಂದು ಊರಿಗೆ ಕಾಲಿಟ್ಟರು. ಯೇಸುಸಭೆಯೆಂದರೆ ಸಂತ ಇಗ್ನೇಷಿಯಸ್ ಹದಿನಾರನೆಯ ಶತಮಾನದಲ್ಲಿ ಕಟ್ಟಿದ, ವಿದ್ಯಾದಾನಕ್ಕೆ ಹೆಸರಾದ ಸಂಘ. ಕೊಂಕಣಿಗೆ ವ್ಯಾಕರಣ ಮತ್ತು ನಿಘಂಟುಗಳನ್ನು ರಚಿಸಿದ ಮಾಫೇಯಿ ಅವರೂ ಈ ಬಳಗದವರೇ. 1880ರಲ್ಲಿ ಈ ಪಾದ್ರಿಗಳು ಆರಂಭಿಸಿದ ಸಂತ ಅಲೋಶಿಯಸ್ ಕಾಲೇಜು ಊರಿನ ಬಾವುಟಗುಡ್ಡೆಯಲ್ಲಿ ಬೆಳೆದು ಈಗ ಡೀಮ್ಡ್ ವಿಶ್ವವಿದ್ಯಾಲಯವಾಗಿದೆ. ಅದೇ ದಶಕದಲ್ಲಿ ಅಲ್ಲಿ ಎದ್ದ ಚಾಪೆಲ್, ಅಂದರೆ ಸಂಸ್ಥೆಯೊಳಗಿನವರ ಪ್ರಾರ್ಥನೆಗೆ ಮೀಸಲಾದ ಗುಡಿಯಂಥ ಮಂದಿರ, ಹೊರಗಿನಿಂದ ಗಂಭೀರವಾಗಿದ್ದರೂ ಒಳಗೆ ಬರಿಗೋಡೆಯದಾಗಿತ್ತು. ಬೆರ್ಗಾಮೊದ ಕಲಾಶಾಲೆಯಲ್ಲಿ ಕಲಿತು, 1889ರಲ್ಲಿ ಯೇಸುಸಭೆಗೆ ಸೇರಿದ್ದ ಮೊಸ್ಕೇನಿಯನ್ನು ಇದಕ್ಕೆಂದೇ ಕರೆಸಲಾಯಿತು; 1899ರಿಂದ 1901ರವರೆಗೆ ಆತನು ಗೋಡೆಗಳ ಮೇಲೆ ಫ್ರೆಸ್ಕೊಗಳನ್ನೂ ಮಾಳಿಗೆಗೆ ಕ್ಯಾನ್ವಾಸಿನ ತೈಲಚಿತ್ರಗಳನ್ನೂ ಬರೆದನು. ಆತ ಪಾದ್ರಿಯಲ್ಲ, ಸಂಘದ ಬ್ರದರ್: ಪೂಜೆ ನಡೆಸುವ ದೀಕ್ಷೆ ಪಡೆಯದೆ, ಕೈಕಸುಬಿನಿಂದ ಸಂಘಕ್ಕೆ ದುಡಿಯುವ ಸಹೋದರ.

ಪ್ರವಾಸದ ಬರಹಗಳು ಈ ಚಾಪೆಲನ್ನು ವ್ಯಾಟಿಕನ್ನಿನ ಸಿಸ್ಟೀನ್ ಚಾಪೆಲಿಗೆ ಹೋಲಿಸಿ ಸಂತೋಷಪಡುತ್ತವೆ. ಮಾಳಿಗೆಯ ತುಂಬ ಚಿತ್ರವಿರುವುದನ್ನು ಬಿಟ್ಟರೆ ಆ ಹೋಲಿಕೆಗೆ ಆಧಾರ ಕಡಿಮೆ. ಮೈಕೆಲಾಂಜೆಲೊ 1508ರಿಂದ 1512ರವರೆಗೆ ಅಲ್ಲಿ ದುಡಿದದ್ದು ಪೋಪನ ಆಜ್ಞೆಯಂತೆ, ಸಂಬಳದ ಕಲಾವಿದನಾಗಿ. ಮೊಸ್ಕೇನಿ ಚಿತ್ರ ಬರೆದದ್ದು ತಾನು ಉಂಡು ಮಲಗುತ್ತಿದ್ದ ಬಳಗಕ್ಕಾಗಿ, ತಾನೂ ಮೊಣಕಾಲೂರುತ್ತಿದ್ದ ಮಂದಿರಕ್ಕಾಗಿ. ಆ ದೃಷ್ಟಿಯಿಂದ ಬಾವುಟಗುಡ್ಡೆಯ ಚಾಪೆಲಿಗೆ ನಿಜವಾದ ಹಿರಿಯಣ್ಣ ಸಾನ್ ಮಾರ್ಕೊ. ಶೈಲಿಯಲ್ಲಿ ಮಾತ್ರ ಇಬ್ಬರೂ ದೂರ: ಆಂಜೆಲಿಕೊ ಕೋಣೆಯ ಚಿತ್ರಗಳಲ್ಲಿ ಎಲ್ಲವನ್ನೂ ಕಳೆಯುತ್ತ ಹೋಗಿ ಎರಡು ಆಕೃತಿ, ಒಂದು ಕಮಾನು ಉಳಿಸುತ್ತಾನೆ, ಹತ್ತೊಂಬತ್ತನೆಯ ಶತಮಾನದ ಕಲಾಶಾಲೆಯ ಶಿಷ್ಯನಾದ ಮೊಸ್ಕೇನಿ ಎಲ್ಲವನ್ನೂ ತುಂಬುತ್ತಾನೆ, ಕಂಬ, ಹೂಮಾಲೆಗಳನ್ನೂ ಬಣ್ಣದಲ್ಲಿಯೇ ಬರೆದು, ಕೈಯಿಟ್ಟು ಮುಟ್ಟಬೇಕೆನಿಸುವಂಥ ಉಬ್ಬುಗೆಲಸದ ಭ್ರಮೆ ಹುಟ್ಟಿಸುತ್ತಾನೆ.

ಬಾವುಟಗುಡ್ಡೆಯ ಮಾಳಿಗೆಯ ನಡುಸಾಲಿನಲ್ಲಿರುವುದು ಕಾಲೇಜು ಹೆಸರು ಹೊತ್ತ ಸಂತ ಅಲೋಶಿಯಸ್ ಗೊನ್ಸಾಗನ ಬಾಳು. 1568ರಲ್ಲಿ ಕಸ್ತಿಲ್ಯೋನೆ ಸಂಸ್ಥಾನದ ಹಿರಿಯ ಮಗನಾಗಿ ಹುಟ್ಟಿದ ಈತನು ಬಾಲ್ಯದಲ್ಲಿ ಕೆಲಕಾಲ ಇದ್ದದ್ದು ಫ್ಲಾರೆನ್ಸಿನಲ್ಲಿ, ಸಾನ್ ಮಾರ್ಕೊಗೆ ಹಣ ಕೊಟ್ಟ ಅದೇ ಮೆದಿಚಿ ಮನೆತನದ ಆಸ್ಥಾನದಲ್ಲಿ. 1585ರಲ್ಲಿ ಪಟ್ಟದ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆ ಸೇರಿದನು. ರೋಮಿನಲ್ಲಿ ಸಾಂಕ್ರಾಮಿಕ ಹಬ್ಬಿದಾಗ ರೋಗಿಗಳ ಶುಶ್ರೂಷೆ ಮಾಡಿ, ತಾನೂ ಕಾಯಿಲೆ ಬಿದ್ದು, 1591ರ ಜೂನ್ 21ರಂದು ಇಪ್ಪತ್ತಮೂರರ ವಯಸ್ಸಿನಲ್ಲಿ ಸತ್ತನು. ಗೆದ್ದ ರಾಜ್ಯವನ್ನು ಅಣ್ಣನಿಗೆ ಬಿಟ್ಟು ನಡೆದ ಬಾಹುಬಲಿಯ ಕಥೆ ಬಲ್ಲ ಕನ್ನಡಿಗರಿಗೆ ಈ ಮಾಳಿಗೆಯನ್ನು ಓದಲು ಹೆಚ್ಚಿನ ವಿವರಣೆ ಬೇಕಾಗದು. ಮಠದ ಗೋಡೆಗೆ ತೀರ್ಥಂಕರರ ಚರಿತೆಯನ್ನು ಬರೆಸಿದ ಪದ್ಧತಿಯೂ ಶ್ರವಣಬೆಳಗೊಳದ ಜೈನಮಠದಲ್ಲಿ ಕಣ್ಣೆದುರಿಗೇ ಇದೆ.

ಕರಾವಳಿಯ ಮಳೆ ಮತ್ತು ಉಪ್ಪುಗಾಳಿ ಸುಣ್ಣದ ಗಾರೆಗೆ ಮಿತ್ರರಲ್ಲ. ನೀರು ಗೋಡೆಯೊಳಗೆ ಇಳಿದು, ಒಣಗುವಾಗ ಉಪ್ಪನ್ನು ಮೇಲ್ಮೈಗೆ ಎಳೆತಂದರೆ ಆ ಉಪ್ಪಿನ ಹರಳುಗಳೇ ಬಣ್ಣದ ಪದರವನ್ನು ಎಬ್ಬಿಸಿ ಉದುರಿಸುತ್ತವೆ. ಪಾರಂಪರಿಕ ಕಟ್ಟಡ ಮತ್ತು ಕಲೆಗಳ ರಕ್ಷಣೆಗೆ ಹೆಸರಾದ ಇಂಟ್ಯಾಕ್ ಸಂಸ್ಥೆಯ ಲಖನೌ ಕೇಂದ್ರದ ತಜ್ಞರು 1991ರಿಂದ 1994ರವರೆಗೆ ಇಲ್ಲಿ ದುರಸ್ತಿ ಮಾಡಿದರು. ಇಂದು ಚಾಪೆಲಿನೊಳಗೆ ಫೋಟೊ ತೆಗೆಯುವಂತಿಲ್ಲ. ಮೊಬೈಲು ಕಿಸೆಗೆ ಹೋದ ಮೇಲೆ ಕತ್ತು ತಾನಾಗಿ ಮೇಲಕ್ಕೆ ಹೊರಳುವುದರಿಂದ, ಈ ನಿಷೇಧವೇ ಇಲ್ಲಿಯ ಒಳ್ಳೆಯ ಮಾರ್ಗದರ್ಶಕನೆನ್ನಬಹುದು. ಆವರಣದಲ್ಲಿ ಅಲೋಶಿಯಂ ಎಂಬ ವಸ್ತುಸಂಗ್ರಹಾಲಯವೂ ಇದೆ. 1913ರಲ್ಲಿ ಕಿಯಾಪ್ಪಿ ಎಂಬ ಇಟಾಲಿಯನ್ ಪಾದ್ರಿ ಆರಂಭಿಸಿದ ಈ ಸಂಗ್ರಹದಲ್ಲಿ ಖನಿಜ, ನಾಣ್ಯ, ತಿಮಿಂಗಿಲದ ಅಸ್ಥಿಪಂಜರ, ಹಳೆಯ ಕಾರು ಎಲ್ಲವೂ ಒಂದೇ ಸೂರಿನಡಿ ಸೇರಿವೆ. ಚಾಪೆಲು ಮಾತ್ರ ವಸ್ತುಸಂಗ್ರಹಾಲಯವಾಗಿಲ್ಲ. ಸಾನ್ ಮಾರ್ಕೊ 1869ರಲ್ಲಿ ಸರಕಾರದ ಸಂಗ್ರಹಾಲಯವಾಗಿ, ಅದರ ಕೋಣೆಗಳಲ್ಲಿ ಇಂದು ಯಾರೂ ಮಲಗುವುದಿಲ್ಲ. ಬಾವುಟಗುಡ್ಡೆಯಲ್ಲಿ ಪೂಜೆಯ ಹೊತ್ತಿಗೆ ಪ್ರವಾಸಿಗರೇ ಹೊರಗೆ ಕಾಯುತ್ತಾರೆ.

ಮೊಸ್ಕೇನಿ ಮಂಗಳೂರಿನ ಕೆಲಸ ಮುಗಿಸಿದ ಮೇಲೆ ಮುಂಬಯಿಯ ಹೋಲಿ ನೇಮ್ ಕ್ಯಾಥೆಡ್ರಲಿನಲ್ಲಿ ಚಿತ್ರ ಬರೆದನು, ಬಳಿಕ ಕೊಚ್ಚಿಯ ಸಾಂತಾಕ್ರೂಸ್ ಕ್ಯಾಥೆಡ್ರಲಿಗೆ ಹೋದನು. ಮಂಗಳೂರಿನವನೇ ಆದ ಡಿ ಗಾಮ ಎಂಬ ಶಿಷ್ಯ ಅಲ್ಲಿ ಆತನ ಜೊತೆಗಿದ್ದನು. 1905ರ ನವೆಂಬರ್ 15ರಂದು ಆಮಶಂಕೆಯಿಂದ ಮೊಸ್ಕೇನಿ ಕೊಚ್ಚಿಯಲ್ಲಿ ತೀರಿಕೊಂಡನು. ಆತ ಬಣ್ಣ ತುಂಬಿದ ಆ ಕ್ಯಾಥೆಡ್ರಲಿನ ಪ್ರತಿಷ್ಠಾಪನೆ ನಡೆದದ್ದು ನಾಲ್ಕು ದಿನಗಳ ನಂತರ, ನವೆಂಬರ್ 19ರಂದು.