ಫಾರ್ಮ್ಯಾಟ್ ಹೊಡೆಯೋ ಮುಂಚೆ

ಪೀಣ್ಯದ ನಮ್ಮ ಮನೆಯ ಹಳೇ ಕಂಪ್ಯೂಟರಲ್ಲಿ ಅಪ್ಪನ 11 ವರ್ಷದ ಸಂಬಳ ಚೀಟಿಗಳ ಸ್ಕ್ಯಾನ್ ಇವೆ. ಗ್ರಾಚ್ಯುಟಿ ಕೊಡೋಕೆ ಕಾರ್ಖಾನೆಯವರು ತಕರಾರು ತೆಗೆದಿದ್ದಾರೆ, ನಮ್ಮ ಕೈಲಿರೋ ಸಾಕ್ಷಿ ಅದೊಂದೇ. ಕಳೆದ ವಾರ ಆ ಫೋಲ್ಡರ್ ಕ್ಲಿಕ್ ಮಾಡಿದ್ರೆ ಸಾಕು, ಫೈಲ್ ಮ್ಯಾನೇಜರ್ ತಾನಾಗೇ ಮುಚ್ಚಿಕೊಳ್ತಿತ್ತು. ‘ಫಾರ್ಮ್ಯಾಟ್ ಹೊಡೀಬೇಕು’ ಅಂದ ರಿಪೇರಿ ಅಂಗಡಿಯವನು.

ಒಪ್ಪಬೇಡಿ. ಫೈಲ್ ಮ್ಯಾನೇಜರ್ ಅನ್ನೋದು ಫೈಲುಗಳನ್ನು ತೋರಿಸುವ ಕಿಟಕಿ ಅಷ್ಟೇ. ಅದು ಕೆಟ್ಟರೆ ಫೈಲು ಹೋಯ್ತು ಅಂತಲ್ಲ. ಫಾರ್ಮ್ಯಾಟ್ ಮಾಡಿದ್ರೆ ಮಾತ್ರ ನಿಜಕ್ಕೂ ಹೋಗುತ್ತೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲೆ ಇದಕ್ಕೆ ಲಿನಕ್ಸ್ ಮಿಂಟ್ ಹಾಕಿದ್ದೆ. ಮೊದಲು ಟರ್ಮಿನಲ್‌ನಿಂದಲೇ ಚೀಟಿಗಳನ್ನೆಲ್ಲ ಪೆನ್‌ಡ್ರೈವ್‌ಗೆ ನಕಲು ಮಾಡಿದೆ. ಆಮೇಲೆ ‘ನೆಮೊ’ ಅಂತ ಟೈಪಿಸಿ ಫೈಲ್ ಮ್ಯಾನೇಜರನ್ನೂ ಅಲ್ಲಿಂದಲೇ ಓಡಿಸಿದೆ. ಹಾಗೆ ಮಾಡಿದ್ರೆ ಅದು ಸಾಯುವ ಮುನ್ನ ಕಾರಣ ಹೇಳಿ ಸಾಯುತ್ತೆ! ಕೊನೇ ಸಾಲುಗಳಲ್ಲಿ ಥಂಬ್‌ನೇಲ್ ಮಾತಿತ್ತು. ಅದೇ ಫೋಲ್ಡರಿನಲ್ಲಿ ಅರ್ಧ ನಕಲಾಗಿದ್ದ ವಿಡಿಯೋ ಒಂದಿತ್ತು, ಅದಕ್ಕೆ ಪುಟ್ಟ ಚಿತ್ರ ಮಾಡೋಕೆ ಹೋಗಿ ನೆಮೊ ಮುಗ್ಗರಿಸ್ತಿತ್ತು. ಪ್ರಿಫರೆನ್ಸಸ್‌ನಲ್ಲಿ ಥಂಬ್‌ನೇಲ್ ಆಫ್ ಮಾಡಿದೆ, ಫೋಲ್ಡರ್ ತೆರೆಯಿತು. ವಿಡಿಯೋ ಅಳಿಸಿದೆ.

ವಿಂಡೋಸ್‌ನವರು ಫೋಲ್ಡರ್ ಆಪ್ಷನ್ಸ್‌ನ ‘ವ್ಯೂ’ನಲ್ಲಿ ಥಂಬ್‌ನೇಲ್ ಬೇಡ, ಐಕಾನ್ ಸಾಕು ಅನ್ನೋದನ್ನ ಟಿಕ್ ಮಾಡಿ ನೋಡಿ.

ಚೀಟಿಗಳು ಪ್ರಿಂಟ್ ಆಗಿವೆ. ಸೋಮವಾರ ಅಪ್ಪನ ಜೊತೆ ಕಾರ್ಮಿಕ ಇಲಾಖೆಗೆ ಹೋಗ್ತಿದ್ದೀನಿ.