ಜೋಲುಕಿವಿ ಮೊಲ: ಆ ಕಿವಿಯ ಕೆಲಸ ಇನ್ಮುಂದೆ ನಿಮ್ಮದು

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನದು ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಕೇಳುಗರ ಪ್ರಶ್ನೆ: ರೀಲ್ಸ್‌ನಲ್ಲಿ ಬರುತ್ತಲ್ಲ, ಕಿವಿ ಜೋತುಬಿದ್ದಿರೋ ಮೊಲ, ಅದನ್ನ ನಮ್ಮೂರಲ್ಲಿ ಸಾಕಬಹುದಾ?

ಸಾಕಬಹುದು. ನಮ್ಮ ಮನೇಲೂ ಒಂದಿದೆ. ಆದ್ರೆ ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ಮೊಲಕ್ಕೆ ಕಿವಿ ಇರೋದು ಕೇಳೋಕೆ ಮಾತ್ರ ಅಲ್ಲ, ಮೈ ಬಿಸಿ ಹೊರಗೆ ಹಾಕೋದೂ ಅದೇ. ಮನುಷ್ಯ ಚೆಂದಕ್ಕೆ ಅಂತ ಆ ಕಿವಿಯನ್ನ ಬಾಗಿಸಿದ. ಹಾಗಾಗಿ ಕಿವಿ ಮಾಡ್ತಿದ್ದ ಕೆಲಸದಲ್ಲಿ ಒಂದು ಪಾಲು ಸಾಕೋರ ತಲೆ ಮೇಲೆ ಬೀಳುತ್ತೆ. ಇವತ್ತಿನ ಮಾತೆಲ್ಲ ಅದರ ಬಗ್ಗೆನೇ.

ಮೊಲ ಅಂದ್ರೆ ಯಾವ ಮೊಲ?

ಕನ್ನಡದಲ್ಲಿ ಎರಡು ಬೇರೆ ಪ್ರಾಣಿಗಳಿಗೆ ನಾವು ‘ಮೊಲ’ ಅಂತ ಒಂದೇ ಹೆಸರು ಹೇಳ್ತೀವಿ. ಹನೂರಿನ ಹೊಲದ ಬದುಗಳಲ್ಲಿ, ಬಿಳಿಗಿರಿರಂಗನ ಬೆಟ್ಟದ ತಪ್ಪಲಲ್ಲಿ ರಾತ್ರಿ ಬೈಕಿನ ಲೈಟಿಗೆ ಸಿಕ್ಕಿ ಚಂಗನೆ ಹಾರೋದು ಕಾಡುಮೊಲ. ಉದ್ದ ಕಾಲು, ನೆಟ್ಟಗೆ ನಿಂತ ಕಿವಿ. ಅದು ಬಿಲ ತೋಡಲ್ಲ, ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ತೆರೆದ ಕಣ್ಣು. ಮನೆಯಲ್ಲಿ ಸಾಕೋ ಮೊಲಗಳ ಮೂಲ ಸ್ಪೇನ್, ಪೋರ್ಚುಗಲ್ ಕಡೆಯ ಕಾಡು. ಅವು ಬಿಲದಲ್ಲಿ ಮರಿ ಹಾಕ್ತವೆ, ಆ ಮರಿಗಳಿಗೆ ಕೂದಲೂ ಇರಲ್ಲ, ಕಣ್ಣೂ ಬಿಟ್ಟಿರಲ್ಲ. ಎರಡೂ ಜಾತಿ ಕೂಡಿ ಮರಿ ಆಗಲ್ಲ.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಹೊಲದಲ್ಲಿ ಒಂಟಿ ಮರಿ ಕಂಡ್ರೆ ‘ಪಾಪ, ತಾಯಿ ಇಲ್ಲ’ ಅಂತ ಮನೆಗೆ ತರೋರು ಇದಾರೆ. ತಾಯಿ ಇರುತ್ತೆ. ಹಗಲು ದೂರ ಇದ್ದು, ಕತ್ತಲಾದ ಮೇಲೆ ಬಂದು ಹಾಲುಣಿಸುತ್ತೆ. ಮರಿಯನ್ನ ಇದ್ದಲ್ಲೇ ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಮೊಲ ಹಿಡಿಯೋದು, ಸಾಕೋದು ಅಪರಾಧ. ಇದರ ಉಲ್ಟಾನೂ ಅಷ್ಟೇ ಮುಖ್ಯ: ಸಾಕಿದ ಮೊಲ ಬೇಜಾರಾಯ್ತು ಅಂತ ಮಲೆ ಮಹದೇಶ್ವರ ಬೆಟ್ಟದ ಕಾಡಿಗೆ ಬಿಟ್ರೆ ಅದು ಬದುಕಲ್ಲ.

ಕಿವಿ ಜೋತುಬಿದ್ದಿದ್ದು ಹೇಗೆ?

ಜೋಲುಕಿವಿ ಮೊಲಗಳಲ್ಲಿ ಹಳೇದು ಇಂಗ್ಲಿಷ್ ಲಾಪ್. ಉದ್ದ ಕಿವಿಗೆ ಅಂತಲೇ ಇಂಗ್ಲೆಂಡಿನವರು ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ ತಳಿ. 2003ರ ನವೆಂಬರ್‌ನಲ್ಲಿ ಅಮೆರಿಕದ ಒಂದು ಪ್ರದರ್ಶನದಲ್ಲಿ ಇಂಥದ್ದೊಂದು ಮೊಲದ ಕಿವಿಯನ್ನ ತುದಿಯಿಂದ ತುದಿಗೆ ಅಳೆದಾಗ 79 ಸೆಂಟಿಮೀಟರ್ ಬಂತು, ಅದು ಗಿನ್ನೆಸ್ ದಾಖಲೆ. ನಾವು ರೀಲ್ಸ್‌ನಲ್ಲಿ ನೋಡೋ ಗುಂಡು ಮುಖದ ಪುಟಾಣಿ ಹೆಚ್ಚಾಗಿ ಹಾಲೆಂಡ್ ಲಾಪ್. ನೆದರ್ಲೆಂಡ್ಸ್‌ನ ಆಡ್ರಿಯಾನ್ ಡಿ ಕಾಕ್ ಅನ್ನೋರು 1949ರಲ್ಲಿ ಶುರು ಮಾಡಿದ ತಳಿ ಪ್ರಯೋಗದ ಫಲ ಅದು. 1964ರಲ್ಲಿ ಅಲ್ಲಿ ಮಾನ್ಯತೆ ಸಿಕ್ತು. ತೂಕ ಸುಮಾರು ಎರಡು ಕೆ.ಜಿ. ಒಳಗೆ.

ಒಂದು ವಿಷಯ ನೆನಪಿರಲಿ: ಜೋಲುಕಿವಿ ಮರಿಗಳೂ ಹುಟ್ಟುವಾಗ ಕಿವಿ ಜೋತುಬಿಟ್ಟಿರಲ್ಲ. ಕೆಲವು ವಾರ ಕಳೆದ ಮೇಲೆ ಕಿವಿ ಬಾಗುತ್ತೆ, ಒಂದೊಂದರಲ್ಲಿ ಒಂದೇ ಕಿವಿ ಬಾಗಿ ಇನ್ನೊಂದು ನಿಂತೇ ಇರುತ್ತೆ. ತೀರಾ ಎಳೆ ಮರಿ ತೋರಿಸಿ ‘ಪಕ್ಕಾ ಲಾಪ್’ ಅಂದ್ರೆ ನಂಬೋ ಮುಂಚೆ ತಂದೆ ತಾಯಿ ಮೊಲ ತೋರಿಸಿ ಅನ್ನಿ.

ಬಿಸಿಲು: ಮೊದಲ ಶತ್ರು

ಮೊಲ ನಮ್ಮ ಹಾಗೆ ಬೆವರಲ್ಲ. ಕಿವಿಯ ತೆಳು ಚರ್ಮದಡಿಯ ರಕ್ತನಾಳ ಹಿಗ್ಗಿಸಿ, ಗಾಳಿಗೆ ಒಡ್ಡಿ ಮೈ ತಣಿಸಿಕೊಳ್ಳುತ್ತೆ. ಕೆನ್ನೆಗೆ ಅಂಟಿಕೊಂಡ ಕಿವಿಗೆ ಅಷ್ಟು ಗಾಳಿ ಎಲ್ಲಿಂದ ಬರ್ಬೇಕು? 30 ಡಿಗ್ರಿ ಸಮೀಪ ಬಂದ್ರೇ ಮೊಲಕ್ಕೆ ಸಂಕಟ. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನ 35 ದಾಟೋದು ಸಾಮಾನ್ಯ. ಶೀಟ್ ಮನೆ ಆದ್ರೆ ಒಳಗೆ ಇನ್ನೂ ಜಾಸ್ತಿ.

ಎಸಿ ಬೇಕಿಲ್ಲ. ಮನೆಯ ತಣ್ಣನೆ ಮೂಲೆಯ ರೆಡ್ ಆಕ್ಸೈಡ್ ನೆಲ ಸಾಕು. ದೊಡ್ಡ ಮಣ್ಣಿನ ಮಡಕೆ ಅಡ್ಡ ಮಲಗಿಸಿ, ಹೊರಗಡೆ ನೀರು ಚಿಮುಕಿಸಿದ್ರೆ ಒಳಗೆ ಹೋಗಿ ಮಲಗುತ್ತೆ. ನೀರಿನ ಬಾಟಲಿ ಫ್ರೀಜರ್‌ನಲ್ಲಿಟ್ಟು, ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ತಾರಸಿ ಮೇಲಿನ ಪಂಜರ ಮಾತ್ರ ಬೇಡವೇ ಬೇಡ. ಬಾಯಿ ತೆರೆದು ಉಸಿರಾಡ್ತಿದ್ರೆ, ಜೊಲ್ಲು ಸುರಿಸ್ತಾ ಚಪ್ಪಟೆ ಬಿದ್ದಿದ್ರೆ ಅದು ಎಮರ್ಜೆನ್ಸಿ. ಒದ್ದೆ ಬಟ್ಟೆಯಿಂದ ಕಿವಿ ಒರೆಸ್ತಾ ಡಾಕ್ಟರ್ ಹತ್ರ ಹೊರಡಿ. ಐಸ್ ನೀರಲ್ಲಿ ಮುಳುಗಿಸಬೇಡಿ, ಆ ಆಘಾತಕ್ಕೇ ಸಾಯಬಹುದು.

ವಾರಕ್ಕೊಮ್ಮೆ ಕಿವಿ ಎತ್ತಿ ನೋಡಿ

ಕಿವಿ ಮಡಚೋ ಜಾಗದಲ್ಲಿ ಒಳದಾರಿ ಕಿರಿದಾಗುತ್ತೆ, ಮೇಣ ಹೊರಗೆ ಬರಲ್ಲ. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನ ಆಶ್ರಯತಾಣವೊಂದರ 30 ಮೊಲಗಳನ್ನ ಪರೀಕ್ಷಿಸಿತ್ತು, 15 ಜೋಲುಕಿವಿ, 15 ನೆಟ್ಟಕಿವಿ. ಕಿರಿದಾದ ಕಿವಿದಾರಿ, ಹೆಚ್ಚು ಮೇಣ, ಮುಟ್ಟಿದ್ರೆ ನೋವು, ಇವೆಲ್ಲ ಜೋಲುಕಿವಿಗಳಲ್ಲೇ ಜಾಸ್ತಿ ಕಂಡವು. ಚಿಕ್ಕ ಅಧ್ಯಯನ, ಆದ್ರೆ ಎಚ್ಚರಿಕೆಗೆ ಸಾಕು.

ನೀವು ಮಾಡ್ಬೇಕಾದ್ದು ಇಷ್ಟೇ: ಭಾನುವಾರ ಕಿವಿ ಎತ್ತಿ, ಮೊಬೈಲ್ ಟಾರ್ಚ್ ಬಿಟ್ಟು ನೋಡಿ, ಮೂಸಿ. ಕೆಟ್ಟ ವಾಸನೆ, ಕೀವು, ಕಂದು ಬಣ್ಣದ ಹಕ್ಕಳೆ, ಪದೇಪದೇ ತಲೆ ಒದರೋದು, ತಲೆ ಒಂದು ಕಡೆ ವಾಲೋದು ಕಂಡ್ರೆ ಡಾಕ್ಟರ್ ಹತ್ರ ಹೋಗಿ. ಹಕ್ಕಳೆ ಕೀಳಬೇಡಿ, ಇಯರ್ ಬಡ್ ಹಾಕಬೇಡಿ, ಕೊಬ್ಬರಿ ಎಣ್ಣೆ, ಅರಿಶಿನದ ಪ್ರಯೋಗನೂ ಬೇಡ. ಉಗುರು ಉದ್ದ ಬಿಟ್ರೆ ಕಿವಿ ಗೀರಿಕೊಳ್ಳುತ್ತೆ, ಕತ್ತರಿಸ್ತಾ ಇರಿ. ಜೋಲುಕಿವಿ ಸದ್ದು ಬಂದ ಕಡೆಗೆ ಸಲೀಸಾಗಿ ತಿರುಗಲ್ಲ, ಅದಕ್ಕೆ ಹಿಂದಿನಿಂದ ಗಬಕ್ಕನೆ ಹಿಡೀಬೇಡಿ, ಮಾತಾಡಿಸ್ತಾ ಎದುರಿಂದ ಹೋಗಿ. ಕಿವಿ ಹಿಡಿದು ಎತ್ತೋದಂತೂ ಹಿಂಸೆ. ಎದೆ ಕೆಳಗೊಂದು ಕೈ, ಹಿಂಭಾಗಕ್ಕೊಂದು ಕೈ ಕೊಟ್ಟು ಎತ್ತಿ.

ಕ್ಯಾರೆಟ್ ಅಲ್ಲ, ಹುಲ್ಲು

ಮೊಲದ ಹಲ್ಲು ಸಾಯೋವರೆಗೂ ಬೆಳೀತಾನೇ ಇರುತ್ತೆ, ಹುಲ್ಲು ಜಗಿದ್ರೆ ಮಾತ್ರ ಸವೆಯುತ್ತೆ. ಕರುಳು ನಡೆಯೋದೂ ನಾರಿನಿಂದಲೇ. ದೊಡ್ಡ ಮೊಲದ ಊಟದಲ್ಲಿ ಬಹುಪಾಲು ಹುಲ್ಲೇ ಇರಲಿ. ಪೆಟ್ ಶಾಪಿನ ವಿದೇಶಿ ಹುಲ್ಲಿನ ಪ್ಯಾಕೆಟ್ ಸಿಗದಿದ್ರೆ ಚಿಂತೆ ಇಲ್ಲ. ತೊಳೆದು ಆರಿಸಿದ ಗರಿಕೆ, ಬೂಷ್ಟು ಹಿಡಿಯದ ಒಣ ರಾಗಿಹುಲ್ಲು ನಮ್ಮಲ್ಲೇ ಇದೆ. ಭತ್ತದ ಹುಲ್ಲು ಹಾಸೋಕೆ ಚೆನ್ನ.

ಇನ್ನು ರೇಷ್ಮೆ ಊರಿನೋರಿಗೆ ಒಂದು ಲಾಭ ಇದೆ. ಹಿಪ್ಪುನೇರಳೆ ಸೊಪ್ಪು ಮೊಲಕ್ಕೆ ಇಷ್ಟ, ಒಳ್ಳೇದೂ ಹೌದು. ಪ್ರೋಟೀನ್ ಜಾಸ್ತಿ ಇರೋದ್ರಿಂದ ದಿನಕ್ಕೆ ನಾಲ್ಕೈದು ಎಲೆ ಸಾಕು. ತೋಟಕ್ಕೆ ಔಷಧಿ ಹೊಡೆದ ಮೇಲೆ ಇಷ್ಟು ದಿನ ಹುಳುವಿಗೆ ಸೊಪ್ಪು ಹಾಕಬಾರದು ಅಂತ ರೈತರು ಕಾಯ್ತಾರಲ್ಲ, ಅದೇ ಲೆಕ್ಕ ಇಲ್ಲೂ. ಹುಳುವಿಗೆ ಆಗದ ಸೊಪ್ಪು ಮೊಲಕ್ಕೂ ಬೇಡ. ಕ್ಯಾರೆಟ್ ನಮಗೆ ಲಾಡು ಇದ್ದ ಹಾಗೆ, ಯಾವಾಗಲಾದ್ರೂ ಒಂದು ಚೂರು. ಬಿಸ್ಕತ್ತು, ಬ್ರೆಡ್, ಕಡ್ಲೆಪುರಿ, ಈರುಳ್ಳಿ, ಚಾಕೊಲೇಟ್ ಪೂರ್ತಿ ಬಂದ್.

12 ಗಂಟೆ ಏನೂ ತಿನ್ನದೆ, ಹಿಕ್ಕೆ ಹಾಕದೆ ಕೂತಿದ್ರೆ ನಾಳೆ ನೋಡೋಣ ಅನ್ನಬೇಡಿ. ಕರುಳು ನಿಂತಿರಬಹುದು, ಅದು ಜೀವಕ್ಕೇ ಅಪಾಯ.

ಎರಡು ಔಷಧದ ಹೆಸರು ಬರೆದಿಟ್ಟುಕೊಳ್ಳಿ

ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ದಿನವಿಡೀ ಬರೋದು ಹಸು, ಕುರಿ, ಮೇಕೆ. ಮೊಲ ನೋಡಿದ ಅನುಭವ ಇದೆಯಾ ಅಂತ ಮೊಲ ತರೋ ಮುಂಚೆನೇ ವಿಚಾರಿಸಿ. ಇಲ್ಲದಿದ್ರೆ ಕೊಳ್ಳೇಗಾಲದಿಂದ ಮೈಸೂರು ಸುಮಾರು 60 ಕಿ.ಮೀ., ಅಲ್ಲಿನ ಒಬ್ಬ ಡಾಕ್ಟರ್ ನಂಬರ್ ಇಟ್ಟುಕೊಂಡಿರಿ. ಹೋಗೋದಾದ್ರೆ ಬೆಳಗಿನ ಬಸ್ಸಿಗೆ.

ಮೆಡಿಕಲ್ ಶಾಪಿಂದ ನೀವೇ ಔಷಧ ತಂದು ಹಾಕಬೇಡಿ. ಅಮಾಕ್ಸಿಸಿಲಿನ್ ಬಾಯಿಗೆ ಹಾಕಿದ್ರೆ ಮೊಲದ ಕರುಳಿನ ಒಳ್ಳೆ ಬ್ಯಾಕ್ಟೀರಿಯಾ ಸತ್ತು ಮೊಲವೇ ಸಾಯಬಹುದು. ನಾಯಿಯ ಉಣ್ಣೆಗೆ ಹೊಡೆಯೋ ಫಿಪ್ರೊನಿಲ್ ಸ್ಪ್ರೇ ಮೊಲಕ್ಕೆ ವಿಷ. ‘ಮೊಲ ತಾನೇ, ಹಾಕಿ ಬುಡಿ, ಏನೂ ಆಗಕಿಲ್ಲ’ ಅನ್ನೋರು ಸಿಕ್ಕೇ ಸಿಕ್ತಾರೆ. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ನಿಮ್ಮ ಮೊಲಕ್ಕೆ ನಾಲ್ಕಿವೆ, ನೀವು ಡಾಕ್ಟರ್ ಮಾತು ಕೇಳಿ.

ಕೊನೆಗೆ ಲೆಕ್ಕ

ಬಿ.ಕಾಂ. ಓದಿದೋನು, ಲೆಕ್ಕ ಹಾಕದೆ ಬಿಡಲ್ಲ. ಮೊಲದ ಬೆಲೆ ಬರೀ ಡೌನ್ ಪೇಮೆಂಟ್. ಚೆನ್ನಾಗಿ ನೋಡ್ಕೊಂಡ್ರೆ 8ರಿಂದ 12 ವರ್ಷ ಬದುಕುತ್ತೆ, ಅಷ್ಟು ವರ್ಷ ಇಎಂಐ. ಹುಲ್ಲು, ಕ್ಲೀನಿಂಗ್, ಡಾಕ್ಟರ್, ಎಲ್ಲಕ್ಕಿಂತ ಹೆಚ್ಚಾಗಿ ನಿಮ್ಮ ಟೈಮು. ಜೊತೆ ಇರಲಿ ಅಂತ ಗಂಡು ಹೆಣ್ಣು ತಂದ್ರೆ ಗರ್ಭದ ಅವಧಿ 31 ದಿನ, ಹೆತ್ತ ದಿನವೇ ಮತ್ತೆ ಗಬ್ಬ ಆಗಬಹುದು. ಚಕ್ರಬಡ್ಡಿ ಕೂಡ ಇಷ್ಟು ಜೋರಾಗಿ ಬೆಳೆಯಲ್ಲ. ಸಂತಾನಹರಣ ಆಪರೇಷನ್ ಬಗ್ಗೆ ಡಾಕ್ಟರ್ ಹತ್ರ ಮೊದಲೇ ಮಾತಾಡಿ.

ಈಗ ನಮ್ಮ ವಯಸ್ಸಿನೋರ ನಿಜವಾದ ಪ್ರಶ್ನೆ. ಇವತ್ತು ಡಿಗ್ರಿ ಸೆಕೆಂಡ್ ಇಯರ್‌ನಲ್ಲಿ ಮೊಲ ತರ್ತೀರಾ. ಎರಡು ವರ್ಷ ಬಿಟ್ಟು ಬೆಂಗಳೂರಲ್ಲಿ ಕೆಲಸ ಸಿಕ್ತು, ಪಿಜಿಯಲ್ಲಿ ರೂಮು. ಆಗ ಏಪ್ರಿಲ್ ಮಧ್ಯಾಹ್ನ ಮಡಕೆಗೆ ನೀರು ಚಿಮುಕಿಸೋರು ಯಾರು? ಭಾನುವಾರ ಕಿವಿ ಎತ್ತಿ ನೋಡೋರು ಯಾರು? ‘ಅಮ್ಮ’ ಅನ್ನೋದು ಉತ್ತರ ಆದ್ರೆ, ಮೊಲ ತರೋ ಮುಂಚೆ ಅಮ್ಮನ್ನ ಒಂದ್ಸಲ ಕೇಳಿ. ಅವರು ಹೂಂ ಅಂದ್ರೆ ಮಾತ್ರ ತನ್ನಿ.

ನಿಮ್ಮನೆ ಮೊಲದ ಕಥೆ ಇದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.